ತಳೇಗಾಂವದಲ್ಲಿ ಮೂರು ಗುಂಟೆ

'ಸೆಕೆಂಡ್ ಹೋಮ್' ಎಂಬ ಮಾತಿಗೆ ಕನ್ನಡದಲ್ಲಿ ಸರಿಯಾದ ಪದ ಇಲ್ಲ. 'ಎರಡನೇ ಮನೆ ಮಾಡಿದ್ದಾನೆ' ಅಂದರೆ ನಮ್ಮ ಕಡೆ ಬೇರೆಯೇ ಅರ್ಥ ಬರುತ್ತದೆ, ಕೇಳಿದವರು ಮುಸಿಮುಸಿ ನಗುತ್ತಾರೆ. ತೋಟದ ಮನೆ ಅನ್ನೋಣವೆಂದರೆ ತೋಟ ಬೇಕು. ಹೊಲದ ಮನೆ ಅನ್ನೋಣವೆಂದರೆ ಅದು ದನ ಕಟ್ಟಲಿಕ್ಕೆ, ಬೆಳೆ ಕಾಯಲಿಕ್ಕೆ ಇರುವಂಥದ್ದು. ದುಡಿಯಲಿಕ್ಕಲ್ಲ, ಬೆಳೆಯಲಿಕ್ಕಲ್ಲ, ಶನಿವಾರ ಹೋಗಿ ಭಾನುವಾರ ವಾಪಸು ಬರಲಿಕ್ಕೆ ಒಂದು ಮನೆ ಎಂಬ ಕಲ್ಪನೆಯೇ ನಮ್ಮ ಹಿರಿಯರಿಗೆ ಇರಲಿಲ್ಲ. ಇದ್ದವರು ಜಹಗೀರದಾರರು, ಇಲ್ಲವೇ ಸಾಹೇಬರು.

ನಾನು ಇಬ್ಬರೂ ಅಲ್ಲ. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನವನು. 1983ರಲ್ಲಿ ಡಿಪ್ಲೊಮಾ ಮುಗಿಸಿ ಪುಣೆಯ ಭೋಸರಿಯಲ್ಲಿ ಒಂದು ಬಿಡಿಭಾಗಗಳ ಕಾರ್ಖಾನೆ ಸೇರಿದೆ. ನಿಗಡಿಯಲ್ಲಿ ಎರಡು ಕೋಣೆಯ ಫ್ಲ್ಯಾಟು, ಇಬ್ಬರು ಮಕ್ಕಳು, ಸಾಲ, ಸಂಬಳ. 2009ರಲ್ಲಿ ತಳೇಗಾಂವ ದಾಭಾಡೆಯ ಹೊರಗೆ ಒಂದು ಲೇಔಟಿನಲ್ಲಿ ಮೂರು ಗುಂಟೆ ಎನ್.ಎ. ಪ್ಲಾಟು ಕೊಂಡು ಎರಡು ಕೋಣೆ ಕಟ್ಟಿಸಿದೆ. ಸುದ್ದಿ ಊರಿಗೆ ಮುಟ್ಟಿತು. ದೊಡ್ಡಪ್ಪನ ಮಗ ಫೋನು ಮಾಡಿ, "ಯಾಕ್ಪಾ, ಇಲ್ಲಿ ಮಾಳಿಗಿ ಸೋರಾಕತ್ತೈತಿ, ಹಿತ್ತಲ ಗೋಡಿ ಕುಂತೈತಿ. ನೀ ಅಲ್ಲಿ ಇನ್ನೊಂದ ಮನಿ ಕಟ್ಟಸಾಕತ್ತೀಯಂತ?" ಅಂದ.

ಪ್ರಶ್ನೆ ನ್ಯಾಯವಾದದ್ದೇ. ನಮ್ಮೂರ ಮನೆಯದು ಮಣ್ಣಿನ ಮಾಳಿಗೆ. ವರ್ಷಾ ಮಳೆಗಾಲಕ್ಕೆ ಮುಂಚೆ ಕರಲ ಮಣ್ಣು ತಂದು ಹಾಕಿ ತುಳಿಯಬೇಕು. ಹಾಕುವವರಿಲ್ಲದಿದ್ದರೆ ಮೂರು ಮಳೆಗಾಲದಲ್ಲಿ ಜಂತೆ ಕಾಣುತ್ತದೆ. ನಾನು ರಜೆಗೆ ಹೋಗಿ ಬರುವುದು ವರ್ಷಕ್ಕೆ ಎಂಟು ದಿನ. ತಳೇಗಾಂವಕ್ಕಾದರೆ ಲೋಕಲ್ ರೈಲಿನಲ್ಲಿ ಅರ್ಧ ತಾಸು. ಉತ್ತರ ಇಷ್ಟೇ ಸರಳ. ಆದರೆ ಸರಳ ಉತ್ತರದಿಂದ ಅವನಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಹಾಗಾಗಿ ನಾನು ನಿಂತ ನೆಲ ಯಾರದು, ಇಲ್ಲಿಗೆ ನನಗಿಂತ ಮುಂಚೆ ಯಾರು ಯಾರು ಬಂದು ಮನೆ ಮಾಡಿದರು ಅಂತ ಹುಡುಕತೊಡಗಿದೆ. ಹದಿನೈದು ವರ್ಷಗಳಲ್ಲಿ ಸಿಕ್ಕಿದ್ದನ್ನು ಇಲ್ಲಿ ಹೇಳುತ್ತೇನೆ. ಇದು ಬರೀ ಮಹಾರಾಷ್ಟ್ರದ ಒಂದು ಊರಿನ ಕತೆಯಲ್ಲ ಎಂಬುದು ಕೊನೆಗೆ ನಿಮಗೇ ಗೊತ್ತಾದೀತು.

ಮೊದಲು ಊರು. ಪುಣೆಯಿಂದ ಮುಂಬಯಿ ದಾರಿಯಲ್ಲಿ ಸುಮಾರು 35 ಕಿಲೋಮೀಟರ್. ಮರಾಠಿಯಲ್ಲಿ 'ತಳೆ' ಅಂದರೆ ಕೆರೆ. ತಳೇಗಾಂವ ಅಂದರೆ ಕೆರೆಯೂರು. ನಮ್ಮಲ್ಲಿ ಕೆರೂರು, ಕೆರೆಹಳ್ಳಿ ಎಷ್ಟಿಲ್ಲ! ಆ ಕಡೆ ಪವನಾ ನದಿ, ಈ ಕಡೆ ಇಂದ್ರಾಯಣಿ. ಸಮೀಪದಲ್ಲೇ ತುಕಾರಾಮರ ದೇಹು, ಅವರು ಕೂತು ಧ್ಯಾನ ಮಾಡಿದ ಭಂಡಾರಾ ಡೊಂಗರ. ಈ ಸೀಮೆಗೆ ಮಾವಳ ಎಂದು ಹೆಸರು. ಶಿವಾಜಿಯ ಸೈನ್ಯದ 'ಮಾವಳೆ'ಗಳು ಈ ಬೆಟ್ಟದ ಸಾಲಿನ ರೈತಮಕ್ಕಳೇ. ಮಳೆಗಾಲದಲ್ಲಿ ಸಹ್ಯಾದ್ರಿಯ ಮಗ್ಗುಲು ಹಸಿರಾಗಿ ಹೊಗೆಯಾಡುತ್ತದೆ. ಎರೆಭೂಮಿಯ ಬಯಲಿನಿಂದ ಬಂದ ನನ್ನಂಥವನಿಗೆ ಅದನ್ನು ನೋಡಿಯೇ ತಲೆ ತಿರುಗಿತು ಅನ್ನಿ.

ಇಲ್ಲಿ ಮನೆ ಮಾಡಿದ ಮೊದಲ ಕನ್ನಡ ನಾಡಿನವನು ನಾನಂತೂ ಅಲ್ಲ. ತಳೇಗಾಂವದಿಂದ ಲೋಣಾವಳಾ ಕಡೆಗೆ ನಾಲ್ಕನೇ ಸ್ಟೇಷನ್ನು ಮಳವಲಿ. ಅಲ್ಲಿಳಿದು ಬೆಟ್ಟ ಹತ್ತಿದರೆ ಕಾರ್ಲೆಯ ಗುಹೆಗಳು. ಬಂಡೆ ಕೊರೆದು ಮಾಡಿದ ಚೈತ್ಯಗೃಹಗಳಲ್ಲಿ ಭಾರತದಲ್ಲೇ ಅತಿ ದೊಡ್ಡದು ಇದು. ಅದರ ಮುಖಮಂಟಪದ ಗೋಡೆಯ ಮೇಲೆ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಒಂದು ಸಣ್ಣ ಶಾಸನವಿದೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲೆಯ ಮನೆಯನ್ನು ವೈಜಯಂತಿಯ ಸೆಟ್ಟಿ ಭೂತಪಾಲ ಮುಗಿಸಿದ ಎಂದು ಅದರ ಸಾರ. ಶಾಸನದಲ್ಲಿರುವ ಪದ 'ಸೇಲಘರ', ಅಂದರೆ ಶಿಲಾಗೃಹ. ವೈಜಯಂತಿ ಎಂದರೆ ನಮ್ಮ ಉತ್ತರ ಕನ್ನಡದ ಬನವಾಸಿ ಎಂದು ಬಹಳಷ್ಟು ವಿದ್ವಾಂಸರ ಮತ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಮಾತು. ಕದಂಬರ ಮಯೂರವರ್ಮ ಹುಟ್ಟುವುದಕ್ಕೂ ಎಷ್ಟೋ ಮುಂಚೆ ಬನವಾಸಿಯ ಒಬ್ಬ ವ್ಯಾಪಾರಿ ಈ ಘಟ್ಟದ ದಾರಿಯಲ್ಲಿ ಬಂದು ದುಡ್ಡು ಸುರಿದು ಒಂದು ಮನೆ ಕಟ್ಟಿಸಿದ. ಕರಾವಳಿಯ ಬಂದರುಗಳಿಂದ ಘಟ್ಟ ಹತ್ತಿ ಒಳನಾಡಿಗೆ ಹೋಗುವ ವ್ಯಾಪಾರದ ದಾರಿ ಅದು. ಕಾರ್ಲೆಯ ಕಂಬಗಳ ಮೇಲೆ ಯವನರ ಹೆಸರುಗಳೂ ಇವೆ. ಭೂತಪಾಲ ಕಟ್ಟಿಸಿದ್ದು ತಾನಿರಲಿಕ್ಕಲ್ಲ. ಮಳೆಗಾಲದಲ್ಲಿ ಭಿಕ್ಷುಗಳು ಕೂಡುವ ಜಾಗಕ್ಕಾಗಿ ಕೊಟ್ಟ ದಾನ ಅದು. ಪರವೂರಿನಲ್ಲಿ ಕಟ್ಟುವವನು ಯಾರಿಗಾಗಿ ಕಟ್ಟುತ್ತಾನೆ ಎಂಬ ಪ್ರಶ್ನೆ ಅಲ್ಲಿ ನಿಂತಾಗ ಬಾರದೆ ಇರದು.

ಎರಡನೆಯ ಕತೆ ಊರಿನ ಹೆಸರಿನ ಬಾಲದಲ್ಲಿರುವ ದಾಭಾಡೆಯವರದು. ಅವರು ತಳೇಗಾಂವದ ಪಾಟೀಲರು, ಅಂದರೆ ನಮ್ಮ ಗೌಡರಿದ್ದ ಹಾಗೆ. ಆ ಮನೆತನದ ಖಂಡೇರಾವ ದಾಭಾಡೆಯನ್ನು ಛತ್ರಪತಿ ಶಾಹು 1717ರಲ್ಲಿ ಸೇನಾಪತಿ ಮಾಡಿದ. ಖಂಡೇರಾವ ದುಡಿದದ್ದೆಲ್ಲ ದೂರದಲ್ಲಿ, ಗುಜರಾತದ ಕಡೆ. ಊರಲ್ಲಿ ವಾಡೆ, ಪರನಾಡಿನಲ್ಲಿ ದುಡಿಮೆ. ಅವನು 1729ರಲ್ಲಿ ತೀರಿಕೊಂಡ. ಮಗ ತ್ರಿಂಬಕರಾವನಿಗೂ ಪೇಶ್ವೆ ಒಂದನೇ ಬಾಜೀರಾಯನಿಗೂ ಗುಜರಾತದ ಹಕ್ಕಿನ ಮೇಲೆ ಜಗಳ ಹತ್ತಿ, 1731ರ ಏಪ್ರಿಲ್ 1ರಂದು ಡಭೋಯಿಯ ಕಾಳಗದಲ್ಲಿ ತ್ರಿಂಬಕರಾವ ಸತ್ತ. ಆಗ ಸೈನ್ಯದ ಹೊಣೆ ಹೊತ್ತವಳು ಖಂಡೇರಾವನ ಹೆಂಡತಿ ಉಮಾಬಾಯಿ. ಮರಾಠರ ಸೇನಾಪತ್ಯವನ್ನು ನಡೆಸಿದ ಹೆಣ್ಣುಮಗಳು ಎಂದು ಅವಳ ಖ್ಯಾತಿ. ಅಹಮದಾಬಾದಿನ ಮೇಲೆ ದಂಡೆತ್ತಿ ಹೋದವಳು. ಮಗನನ್ನು ಕಳೆದುಕೊಂಡ ಈ ತಾಯಿಯನ್ನು ಸಮಾಧಾನಪಡಿಸಲು ಶಾಹು ಮಹಾರಾಜನೇ ಬಾಜೀರಾಯನನ್ನು ಕರಕೊಂಡು ತಳೇಗಾಂವಕ್ಕೆ ಬಂದು, ಅವಳ ಕೈಗೆ ಕತ್ತಿ ಕೊಟ್ಟು, 'ಬೇಕಾದರೆ ಸೇಡು ತೀರಿಸಿಕೋ' ಅಂದನೆಂದು ಕತೆ ಹೇಳುತ್ತಾರೆ. ಕತೆ ಎಷ್ಟು ನಿಜವೋ, ಊರಿನ ಮಂದಿ ಮಾತ್ರ ನಿನ್ನೆ ನಡೆದದ್ದರ ಹಾಗೆ ಹೇಳುತ್ತಾರೆ.

ಇದರಲ್ಲಿ ಒಂದು ತಮಾಷೆ ಇದೆ ನೋಡಿ. ಬಡೋದೆಯ ಗಾಯಕವಾಡರು ಮೊದಲಿಗೆ ಈ ದಾಭಾಡೆಯವರ ಕೈಕೆಳಗಿನ ಸರದಾರರು. ಗುಜರಾತದಲ್ಲೇ ನೆಲೆ ಊರಿದ ಗಾಯಕವಾಡರಿಗೆ ಒಂದು ದೊಡ್ಡ ಸಂಸ್ಥಾನವೇ ದಕ್ಕಿತು. ಒಂದು ಕಾಲು ತಳೇಗಾಂವದಲ್ಲೇ ಇಟ್ಟುಕೊಂಡಿದ್ದ ಧಣಿಗಳ ಪಾಲಿಗೆ ಕಡೆಗೆ ಉಳಿದದ್ದು ತಳೇಗಾಂವ. ಹೊರಗೆ ಹೋದವರು ಬೆಳೆದರು, ಊರು ಹಿಡಿದವರು ಕರಗಿದರು ಎಂದು ಇದನ್ನು ಓದಬಹುದು. ಆದರೆ ಇವತ್ತು ಉಮಾಬಾಯಿಯ ಸಮಾಧಿಗೆ ಕೈಮುಗಿಯುವವರು ತಳೇಗಾಂವದ ಬಾಣೇಶ್ವರ ಗುಡಿಗೇ ಬರಬೇಕು. ಯಾವುದು ಲಾಭ ಯಾವುದು ಲುಕ್ಸಾನು ಅಂತ ನಾನಂತೂ ಹೇಳಲಾರೆ.

ಮೂರನೆಯದು ಬೆಂಕಿಯ ಕತೆ. 1779ರ ಜನವರಿಯಲ್ಲಿ ಮುಂಬಯಿಯ ಇಂಗ್ಲಿಷ್ ಸೈನ್ಯ ರಘುನಾಥರಾಯನನ್ನು ಪೇಶ್ವೆ ಮಾಡುತ್ತೇವೆಂದು ಘಟ್ಟ ಹತ್ತಿ ಪುಣೆಗೆ ಹೊರಟಿತು. ಜನವರಿ 9ಕ್ಕೆ ತಳೇಗಾಂವ ಮುಟ್ಟಿದಾಗ ಊರು ಖಾಲಿ. ಕಾಳು ಇಲ್ಲ, ಹುಲ್ಲು ಇಲ್ಲ, ಮನೆಗಳೆಲ್ಲ ಬೂದಿ. ಶತ್ರುವಿಗೆ ಏನೂ ಸಿಗಬಾರದು ಅಂತ ಮರಾಠರೇ ಸುಟ್ಟಿದ್ದರು. ಎರಡು ದಿನ ಅಲ್ಲಿ ಕೂತು, 11ರ ರಾತ್ರಿ ಇಂಗ್ಲಿಷರು ದೊಡ್ಡ ತೋಪುಗಳನ್ನು ಕೆರೆಗೆ ನೂಕಿ, ಸಾಮಾನು ಸುಟ್ಟು, ಹಿಂದೆ ತಿರುಗಿದರು. ಮಹಾದಜಿ ಶಿಂಧೆಯ ದಂಡು ಅವರನ್ನು ಪಕ್ಕದ ವಡಗಾಂವದಲ್ಲಿ ಸುತ್ತುಗಟ್ಟಿ ಒಪ್ಪಂದ ಬರೆಸಿಕೊಂಡಿತು. ಶಾಲೆಯ ಪುಸ್ತಕದಲ್ಲಿ ಇದು 'ವಡಗಾಂವ ಒಪ್ಪಂದ' ಎಂದು ಒಂದು ಸಾಲು. ತಮ್ಮ ಮನೆಗೆ ಬೆಂಕಿ ಬೀಳುವುದನ್ನು ನೋಡಿದ ಆ ಮಂದಿ ಮರುದಿನ ಎಲ್ಲಿ ಮಲಗಿದರು, ಆ ವರ್ಷದ ಮಳೆಗಾಲಕ್ಕೆ ಮತ್ತೆ ಸೂರು ಹೇಗೆ ಹೊಂದಿಸಿದರು ಎಂದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಗೆದ್ದವರ ಹೆಸರಿನ ಸ್ಮಾರಕ ವಡಗಾಂವದಲ್ಲಿದೆ. ಸುಟ್ಟ ಮನೆಗಳಿಗೆ ಸ್ಮಾರಕವಿಲ್ಲ.

ಇನ್ನು ಗುಂಟೆಯ ಲೆಕ್ಕ. ತಳೇಗಾಂವದಲ್ಲಿ ಮೊದಲ ಸಲ ಪ್ಲಾಟು ನೋಡಲು ಹೋದಾಗ ದಲ್ಲಾಳಿ 'ತೀನ್ ಗುಂಠೇ' ಅಂದ. ನನಗೆ ಒಂದು ಥರಾ ಖುಷಿ. ನಮ್ಮೂರಲ್ಲೂ ಗುಂಟೆ, ಇಲ್ಲೂ ಗುಂಟೆ! ನಮ್ಮ ಕಡೆ ಹೊಲದ ಉತಾರ ಅನ್ನುತ್ತೇವೆ, ಇಲ್ಲಿ 'ಸಾತ್‌ಬಾರಾ ಉತಾರಾ', ಅಂದರೆ ಏಳು ಮತ್ತು ಹನ್ನೆರಡನೇ ನಮೂನೆ. ಕಾರಣ ಹುಡುಕಿದರೆ ಅದು ಕಂಪನಿ ಸರಕಾರದ ಕಾಲಕ್ಕೆ ಹೋಗುತ್ತದೆ. ಪೇಶ್ವೆಯ ರಾಜ್ಯ 1818ರಲ್ಲಿ ಹೋದ ಮೇಲೆ ಪುಣೆ ಜಿಲ್ಲೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಮಾಡಿದ ಜಮಾಬಂದಿ ಎಷ್ಟು ಭಾರವಾಯಿತೆಂದರೆ ರೈತರು ಹೊಲ ಬಿಟ್ಟು ಓಡಿಹೋದರು. ಆಮೇಲೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು 1836ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಹೊಸ ಸರ್ವೆ ಶುರು ಮಾಡಿದರು. 33 ಅಡಿಯ ಸರಪಳಿ, ಒಂದು ಚದರ ಸರಪಳಿಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ, ಪ್ರತಿ ಹೊಲಕ್ಕೂ ಒಂದು ನಂಬರು. 1840ರ ದಶಕದಲ್ಲಿ ಅದೇ ವಿಂಗೇಟ್, ಅದೇ ಸರಪಳಿ ಧಾರವಾಡ ಜಿಲ್ಲೆಗೂ ಬಂತು. ಮುಂಡರಗಿಯ ನಮ್ಮಜ್ಜನ ಹೊಲಕ್ಕೂ ತಳೇಗಾಂವದ ನನ್ನ ಪ್ಲಾಟಿಗೂ ಒಂದೇ ಅಳತೆಗೋಲು, ಒಂದೇ ದಫ್ತರ. ಒಂದು ಗುಂಟೆಗೆ 1089 ಚದರಡಿ, ಅಲ್ಲಿಯೂ ಇಲ್ಲಿಯೂ.

ಸರಪಳಿಯ ಹಿಂದೆಯೇ ರೈಲು ಬಂತು. ಖಂಡಾಳಾದಿಂದ ಪುಣೆಯವರೆಗಿನ ದಾರಿ 1858ರ ಜೂನ್ 14ರಂದು ತೆರೆಯಿತು. ಅದಕ್ಕೆ ಸರಿಯಾಗಿ ಎರಡು ದಿನ ಮೊದಲು, ಜೂನ್ 12ರಂದು, ಬೆಳಗಾವಿಯಲ್ಲಿ ನರಗುಂದದ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ನಮ್ಮ ಮುಂಡರಗಿ ಭೀಮರಾಯ ಅದೇ ತಿಂಗಳ ಮೊದಲಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಸತ್ತಿದ್ದ. ಒಂದೇ ಇಲಾಖೆ, ಒಂದೇ ತಿಂಗಳು. ಒಂದು ಕಡೆ ನೇಣು, ಇನ್ನೊಂದು ಕಡೆ ರೈಲಿನ ಸೀಟಿ. 1863ರಲ್ಲಿ ಭೋರ್ ಘಾಟಿನ ದಾರಿಯೂ ಮುಗಿದು ಮುಂಬಯಿಗೂ ಪುಣೆಗೂ ಒಂದೇ ಹಳಿಯಾಯಿತು. ತಳೇಗಾಂವ ಆ ಹಳಿಯ ಮೇಲಿನ ಸ್ಟೇಷನ್ನು. ಊರಿನ ನಸೀಬು ಬದಲಾದದ್ದು ಅಲ್ಲಿಂದ.

ರೈಲು ಮೊದಲು ತಂದದ್ದು ರಜೆಯ ಮಂದಿಯನ್ನಲ್ಲ, ಸ್ವದೇಶಿ ಚಳವಳಿಯನ್ನು. ಅಂತಾಜಿ ದಾಮೋದರ ಕಾಳೆ ಎಂಬುವರು ಮನೆಮನೆಗೆ ಹೋಗಿ ಒಂದೊಂದು ಪೈಸೆ ಕೂಡಿಸಿದ 'ಪೈಸಾ ಫಂಡ್'ನಿಂದ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ಅದರ ಬೆನ್ನಿಗೆ ಟಿಳಕರಿದ್ದರು. ಅದೇ ಕಾಲಕ್ಕೆ ಪ್ರೊಫೆಸರ್ ವಿಷ್ಣು ಗೋವಿಂದ ವಿಜಾಪುರಕರ ಅವರ ಸಮರ್ಥ ವಿದ್ಯಾಲಯವೂ ಕೊಲ್ಹಾಪುರದಿಂದ ಇಲ್ಲಿಗೆ ಬಂತು. ಸರಕಾರ ಅದನ್ನು 1910ರಲ್ಲಿ ಮುಚ್ಚಿಸಿತು. 'ಸಮರ್ಥ' ಎಂಬ ಹೆಸರು ಮಾತ್ರ ಊರಿನ ಶಾಲೆಯೊಂದರಲ್ಲಿ ಈಗಲೂ ಉಳಿದಿದೆ. ವಿಜಾಪುರಕರ! ಹೆಸರಲ್ಲೇ ನಮ್ಮ ಬಿಜಾಪುರ ಕೂತಿದೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಹೋದ ನಮ್ಮ ಆಲೂರ ವೆಂಕಟರಾಯರು ಧಾರವಾಡದಲ್ಲಿ ಸ್ವದೇಶಿ ಶಾಲೆಗಾಗಿ ಹೆಣಗಿದ್ದೂ ಹೆಚ್ಚುಕಡಿಮೆ ಅದೇ ಕಾಲ. ನಾಡು ಎರಡಾದರೂ ಗಾಳಿ ಒಂದೇ ಇತ್ತು.

ಆಮೇಲಾಮೇಲೆ ಪುಣೆ, ಮುಂಬಯಿಯ ಮಂದಿ ಒಳ್ಳೆ ಹವೆ, ಸಿಹಿ ನೀರು ಅಂತ ಸ್ಟೇಷನ್ನಿನ ಆಚೀಚೆ ಬಂಗಲೆ ಕಟ್ಟಿಕೊಂಡರು. ನಿವೃತ್ತ ಮಾಸ್ತರರು, ಗುಮಾಸ್ತರು, ಡಾಕ್ಟರರು. ಪಾರಿಜಾತದ ಗಿಡ, ಮಂಗಳೂರು ಹಂಚು, ಜಗುಲಿಯ ಮೇಲೆ ಮರದ ಜೋಕಾಲಿ. ಮರಾಠಿಯ ದೊಡ್ಡ ಕಾದಂಬರಿಕಾರ ಗೋ. ನೀ. ದಾಂಡೇಕರ್ ಅವರೂ ಇಲ್ಲೇ ನೆಲೆಸಿದವರು. ಹುಟ್ಟಿದ್ದು ದೂರದ ವಿದರ್ಭದಲ್ಲಿ, ಕೋಟೆಕೊತ್ತಲ ತಿರುಗಿ ಬಂದು ಕೂತು ಬರೆದದ್ದು ತಳೇಗಾಂವದಲ್ಲಿ. ಅವರೆಲ್ಲ ಇಲ್ಲಿಗೆ ಬಂದದ್ದು ಇರಲಿಕ್ಕೆ. ಮಳೆಗಾಲದ ಜಿಗಣೆ, ಚಳಿಗಾಲದ ಮಂಜು, ಸಂತೆ, ಜಗಳ ಎಲ್ಲ ಅನುಭವಿಸಿದರು. ನಮ್ಮ ಪೀಳಿಗೆಯ 'ವೀಕೆಂಡ್ ಹೋಮ್' ಬೇರೆ ಜಾತಿಯದು. ವಾರದಲ್ಲಿ ಐದು ದಿನ ಅದಕ್ಕೆ ಬೀಗ.

ಅಂದರೆ ಇಷ್ಟು ದಿನ ರೈತರ ಹೊಲ ಮಾರಾಟಕ್ಕೆ ಸಿಗುತ್ತಿರಲಿಲ್ಲವೇ? ಸಿಗುತ್ತಿರಲಿಲ್ಲ, ಕಾಯ್ದೆಯೇ ಅಡ್ಡ ಇತ್ತು. 1948ರ ಮುಂಬಯಿ ಗೇಣಿ ಕಾಯ್ದೆಯ 63ನೇ ಕಲಮಿನ ಪ್ರಕಾರ ರೈತನಲ್ಲದವನು ಸಾಗುವಳಿ ಜಮೀನು ಕೊಳ್ಳುವ ಹಾಗಿಲ್ಲ. ಅದೇ ಕಾಯ್ದೆ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳಿಗೂ ಇತ್ತು. 1957ರ ಏಪ್ರಿಲ್ 1ನ್ನು ಮುಂಬಯಿ ರಾಜ್ಯ 'ಉಳುವವನ ದಿನ' ಅಂದಿತು. ಅಂದಿನಿಂದ ಗೇಣಿದಾರನೇ ಹೊಲದ ಒಡೆಯ ಎಂದು ಕಾಯ್ದೆ. ನಮ್ಮಲ್ಲಿ ಆ ದಿನ ಬರಲು 1974ರ ತಿದ್ದುಪಡಿಯವರೆಗೆ, ದೇವರಾಜ ಅರಸರವರೆಗೆ ಕಾಯಬೇಕಾಯಿತು. ಮಹಾರಾಷ್ಟ್ರದಲ್ಲಿ ಹೊಲ ಕೊಳ್ಳಲಾಗದ ನನ್ನಂಥವರಿಗೆ ಉಳಿದ ಹಾದಿ ಎನ್.ಎ., ಅಂದರೆ ಬಿನ್‌ಶೇತಿ. ಹೊಲವನ್ನು ಮೊದಲು ಹೊಲವಲ್ಲ ಅಂತ ಸರಕಾರದಿಂದ ಬರೆಸಿ, ತುಂಡು ಮಾಡಿ ಮಾರುವುದು. ಹಾಗೆ ಬರೆಸದೆಯೇ ಗುಂಟೆಗಟ್ಟಲೆ ಕತ್ತರಿಸಿ ಮಾರಿದ್ದು ಎಷ್ಟಾಯಿತೆಂದರೆ 2001ರಲ್ಲಿ ಮಹಾರಾಷ್ಟ್ರ ಸರಕಾರ 'ಗುಂಠೇವಾರಿ' ಎಂಬ ಹೆಸರಿನಲ್ಲೇ ಒಂದು ಸಕ್ರಮ ಕಾಯ್ದೆ ತಂದಿತು. ವಿಂಗೇಟನ ಸರಪಳಿ ಕಡೆಗೆ ಕತ್ತರಿಯಾಯಿತು.

2002ರಲ್ಲಿ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿ ಪೂರ್ತಿ ತೆರೆಯಿತು. ಮುಂಬಯಿಯವರಿಗೆ ತಳೇಗಾಂವ ಎರಡು ತಾಸಿನ ಮಾತಾಯಿತು. 2008ರಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ ಶುರುವಾಯಿತು. ಎಂ.ಐ.ಡಿ.ಸಿ.ಗೆ ಜಮೀನು ಹೋಯಿತು, ಹೂ ಬೆಳೆಯುವ ಪಾರ್ಕಿಗೆ ಹೋಯಿತು, ಉಳಿದದ್ದಕ್ಕೆ ಬಿಲ್ಡರು ಬಂದರು. ಆ ಕಾರ್ಖಾನೆಯೂ 2020ರ ಡಿಸೆಂಬರಿನಲ್ಲಿ ಉತ್ಪಾದನೆ ನಿಲ್ಲಿಸಿತು. 2023ರಲ್ಲಿ ಹ್ಯುಂಡೈ ಅದನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2022ರ ಸೆಪ್ಟೆಂಬರಿನಲ್ಲಿ ತಳೇಗಾಂವಕ್ಕೇ ಬರುತ್ತದೆ ಎಂದು ಎಲ್ಲರೂ ನಂಬಿದ್ದ ವೇದಾಂತ-ಫಾಕ್ಸ್‌ಕಾನ್ ಗುಜರಾತಿನ ಪಾಲಾಯಿತೆಂದು ಪ್ರಕಟವಾದಾಗ ಊರಿನ ಚಹದಂಗಡಿಗಳಲ್ಲಿ ಒಂದು ವಾರ ಅದೇ ಸೂತಕ. ಉಮಾಬಾಯಿಯ ಕಾಲದಿಂದಲೂ ಈ ಊರಿಗೂ ಗುಜರಾತಿಗೂ ಲೆಕ್ಕ ಮುಗಿದಿಲ್ಲ ಅಂತ ಒಬ್ಬ ಅಜ್ಜ ಹೇಳಿದ್ದು ಕೇಳಿ ನಗು ಬಂತು. ಆದರೆ ಅಜ್ಜ ನಗಲಿಲ್ಲ.

ನಗುವ ವಿಷಯವೂ ಅದಲ್ಲ. ಪವನಾ ಅಣೆಕಟ್ಟಿನ ನೀರನ್ನು ಕೊಳವೆಯಲ್ಲಿ ನೇರವಾಗಿ ಪಿಂಪ್ರಿ-ಚಿಂಚವಾಡಕ್ಕೆ ಒಯ್ಯುವ ಯೋಜನೆಯ ವಿರುದ್ಧ 2011ರ ಆಗಸ್ಟ್ 9ರಂದು ಮಾವಳದ ರೈತರು ಬವೂರ್ ಎಂಬಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ತಡೆದರು. ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಆ ನೀರು ಬರಬೇಕಾಗಿದ್ದದ್ದು ನಮ್ಮ ನಿಗಡಿ, ಚಿಂಚವಾಡದ ನಲ್ಲಿಗಳಿಗೆ. ನನ್ನ ಒಂದು ಮನೆ ನೀರು ಕುಡಿಯುವ ಊರಲ್ಲಿ, ಇನ್ನೊಂದು ನೀರು ಕಳೆದುಕೊಳ್ಳುವ ಸೀಮೆಯಲ್ಲಿ. ಆ ವಾರ ಎರಡೂ ಮನೆಯಲ್ಲಿ ನಿದ್ದೆ ಬರಲಿಲ್ಲ.

ಅದಕ್ಕೆ ಒಂದು ತಿಂಗಳ ಮುಂಚೆ ನಮ್ಮ ಮುಂಡರಗಿ ತಾಲ್ಲೂಕಿನಲ್ಲೂ ಅಂಥದೇ ಒಂದು ಹೋರಾಟ ನಡೆದಿತ್ತು. ಹಳ್ಳಿಗುಡಿಯ ಸುತ್ತಮುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ತೆಗೆದುಕೊಳ್ಳುವ ವಿರುದ್ಧ ರೈತರು ಎದ್ದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಜುಲೈನಲ್ಲಿ ಸರಕಾರ ಭೂಸ್ವಾಧೀನ ಕೈಬಿಟ್ಟಿತು, 2013ರಲ್ಲಿ ಕಂಪನಿಯೂ ಹಿಂದೆ ಸರಿಯಿತು. ಒಂದೇ ಮಳೆಗಾಲ, ನನ್ನ ಎರಡು ಊರು. ಒಂದರಲ್ಲಿ ಹೊಲ ಉಳಿಯಿತು, ಇನ್ನೊಂದರಲ್ಲಿ ಹೆಣ ಬಿದ್ದವು.

ಈಗ ನನ್ನ ಲೇಔಟಿನ ಮಾತು. ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ಕಮಾನಿನ ಮೇಲೆ ಬಂಗಾರದ ಅಕ್ಷರ. ಆ ಜಮೀನಿನ ಹಳೆಯ ಒಡೆಯ ಈಗಲೂ ಊರಲ್ಲಿದ್ದಾನೆ. ಮಾರಿದ ದುಡ್ಡಿನಲ್ಲಿ ಮಗಳ ಮದುವೆ ಮಾಡಿದ, ಒಂದು ಜೀಪು ಕೊಂಡ, ಮಾಡಿ ಮೇಲೆ ಮಾಡಿ ಮನೆ ಎಬ್ಬಿಸಿದ. ಬಡವನೇನೂ ಅಲ್ಲ. ಸಂಜೆ ನಮ್ಮ ಕಡೆ ತಿರುಗಾಡಲಿಕ್ಕೆ ಬರುತ್ತಾನೆ. ಅವನ ಬಾಯಲ್ಲಿ ಆ ಇಂಗ್ಲಿಷ್ ಹೆಸರು ಒಮ್ಮೆಯೂ ಬಂದದ್ದಿಲ್ಲ. ಕ್ಲಬ್‌ಹೌಸ್ ಇರುವ ಜಾಗಕ್ಕೆ 'ಹುಣಸೆಯ ಮಳಾ' ಅನ್ನುತ್ತಾನೆ, ನನ್ನ ಮನೆ ಇರುವಲ್ಲಿಗೆ 'ಖಾಚರ', ಅಂದರೆ ಭತ್ತದ ಗದ್ದೆ. "ತುಮ್ಚಾ ಹಾಲ್ ಖಾಚರಾತ್ ಆಹೆ, ಪಾವಸಾತ್ ಓಲ್ ಯೇಣಾರಚ್" ಅಂದ ಒಂದು ಸಲ. ನಿಮ್ಮ ಹಾಲು ಗದ್ದೆಯಲ್ಲಿದೆ, ಮಳೆಗಾಲದಲ್ಲಿ ತೇವ ಬಂದೇ ಬರುತ್ತದೆ ಅಂತ. ಬರುತ್ತದೆ, ಪ್ರತಿ ಜುಲೈಗೂ. ಇಂಜಿನಿಯರು ಎರಡು ಸಲ ವಾಟರ್‌ಪ್ರೂಫಿಂಗ್ ಮಾಡಿದ. ಗದ್ದೆ ಮರೆತಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಈ ಚರಿತ್ರೆ ಪೂರ್ತಿಯಾಗದು. ನನ್ನ ಮನೆ ಕಟ್ಟಿದವರು ಯಾದಗಿರಿ ಕಡೆಯವರು. ಪುಣೆಯ ಸುತ್ತ ಯಾವ ಕಟ್ಟಡದ ಮುಂದೆ ನಿಂತರೂ ಕನ್ನಡ ಕೇಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದ ಮಂದಿ ತಗಡಿನ ಶೆಡ್ಡಿನಲ್ಲಿದ್ದು ಕಟ್ಟುತ್ತಾರೆ. ಕಟ್ಟಿ ಮುಗಿದ ಮೇಲೆ ತಗಡು ಕಿತ್ತು ಮುಂದಿನ ಸೈಟಿಗೆ. ಬನವಾಸಿಯ ಸೆಟ್ಟಿಯ ಹೆಸರು ಕಾರ್ಲೆಯ ಗೋಡೆಯ ಮೇಲಿದೆ, ಇವರ ಹೆಸರು ಮಸ್ಟರ್ ರೋಲಿನಲ್ಲೂ ನೆಟ್ಟಗೆ ಇರುವುದಿಲ್ಲ. ಗಿಲಾವು ನಡೆದಾಗ ಒಬ್ಬ ಹೆಣ್ಣುಮಗಳು ನನ್ನ ಹೆಂಡತಿಯನ್ನು ಕೇಳಿದಳು: "ಅಕ್ಕಾರ, ಇದು ನಿಮ್ಮ ಎರಡನೇ ಮನೀನ್ರಿ?" ಹೌದು ಅಂದಳು ಇವಳು, ಸ್ವಲ್ಪ ಸಂಕೋಚದಿಂದಲೇ. "ನಮ್ದೂ ಎರಡು ಅದಾವ್ರಿ. ಊರಾಗಿಂದಕ್ಕ ಕೀಲಿ ಹಾಕೇವಿ, ಇಲ್ಲಿದಕ್ಕ ಬಾಗ್ಲಾನ ಇಲ್ಲ" ಅಂದು ನಕ್ಕಳು. ಸೆಕೆಂಡ್ ಹೋಮಿನ ಬಗ್ಗೆ ಇದಕ್ಕಿಂತ ಚೊಕ್ಕ ಮಾತು ನಾನು ಎಲ್ಲೂ ಓದಿಲ್ಲ.

ಶನಿವಾರದ ಮಂದಿಯ ಭಾರವೂ ಈಗ ಈ ಸೀಮೆಗೆ ತಡೆಯದಂತಾಗಿದೆ. 2025ರ ಜೂನ್ 15, ಭಾನುವಾರ, ಇಂದ್ರಾಯಣಿಯ ಮೇಲೆ ಕುಂಡಮಳಾದಲ್ಲಿದ್ದ ಹಳೆಯ ಕಬ್ಬಿಣದ ಕಾಲುಸೇತುವೆ, ಮಳೆ ನೋಡಲು ಬಂದ ಜನ ತುಂಬಿ ನಿಂತಾಗ ಕುಸಿಯಿತು. ನಾಲ್ವರು ತೀರಿಕೊಂಡರು. ಹೊಳೆ ದಾಟಲಿಕ್ಕೆ ಇದ್ದದ್ದು ಹೊಳೆ ನೋಡಲಿಕ್ಕಾದಾಗ ಹೀಗೆಲ್ಲ ಆಗುತ್ತದೆ.

ಓದುವ ನಿಮಗೆ ಇದೆಲ್ಲ ಮಹಾರಾಷ್ಟ್ರದ ಪಾಡು ಅನ್ನಿಸಬಹುದು. ಆದರೆ 2020ರಲ್ಲಿ ಕರ್ನಾಟಕ ಸರಕಾರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆಯಿತು. ಆ ತಿದ್ದುಪಡಿಯಿಂದ, ರೈತನಲ್ಲದವನೂ ಹೊಲ ಕೊಳ್ಳಬಹುದೆಂದಾಯಿತು. ಮಹಾರಾಷ್ಟ್ರದಲ್ಲಿ ಇವತ್ತಿಗೂ ಸುತ್ತುದಾರಿ ಹಿಡಿದು ಮಾಡಬೇಕಾದದ್ದನ್ನು ನಮ್ಮಲ್ಲಿ ನೆಟ್ಟನೆ ಹಾದಿಯಲ್ಲೇ ಮಾಡಬಹುದು. ಸಕಲೇಶಪುರ, ಕೊಡಗು, ನಂದಿಬೆಟ್ಟದ ಬುಡದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಎರೆಭೂಮಿಯ ನಮ್ಮೂರಿಗೂ ಕಾರು ಬರತೊಡಗಿವೆ. ಕೊಳ್ಳಬೇಡಿ, ಮಾರಬೇಡಿ ಅನ್ನಲು ನನಗೆ ಬಾಯಿಲ್ಲ. ಮೂರು ಗುಂಟೆ ಕೊಂಡವನು ನಾನೇ. ಅಲ್ಲಿ ಕಳೆದ ಸಂಜೆಗಳು ನನ್ನ ಬದುಕಿನ ಒಳ್ಳೆಯ ಸಂಜೆಗಳೂ ಹೌದು. ಹೇಳಬಹುದಾದದ್ದು ಇಷ್ಟೇ: ಹೊಲದ ಜೊತೆಗೆ ನೀರು ಹೋಗುತ್ತದೆ, ಹಾದಿ ಹೋಗುತ್ತದೆ, ಹೆಸರೂ ಹೋಗುತ್ತದೆ. ಬೆಲೆ ಹೇಳುವಾಗ ಅವನ್ನೂ ಎಣಿಸಿರಿ.

ಹೋದ ವರ್ಷ ನಮ್ಮ ಹೊಲಕ್ಕೂ ಗಿರಾಕಿ ಬಂದಿದ್ದರು. ಜಂಟಿ ಖಾತೆ, ಹನ್ನೊಂದು ಎಕರೆ, ನನ್ನ ಸಹಿ ಬೇಕು. ದೊಡ್ಡಪ್ಪನ ಮಗ ಈಗ ಇಲ್ಲ. ಅವನ ಮಗ ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತುತ್ತಾನೆ. "ಕಾಕಾ, ನೀವು ಹೆಂಗ ಅಂತೀರಿ ಹಂಗ" ಅಂದ. ಮಾರಿದರೆ ನನ್ನ ಪಾಲಿಗೆ ತಳೇಗಾಂವದ ಸಾಲವೆಲ್ಲ ತೀರಿ ಮೇಲೆ ಉಳಿಯುತ್ತಿತ್ತು. ಹೆಂಡತಿ, ಮಕ್ಕಳ ಜೊತೆ ಎರಡು ತಿಂಗಳು ಮಾತಾಡಿದೆ. ಕಡೆಗೆ ಮುಂಡರಗಿಗೆ ಹೋಗಿ ನನ್ನ ಪಾಲಿನ ಹಕ್ಕನ್ನು ಅವನ ಹೆಸರಿಗೆ ಬಿಟ್ಟುಕೊಟ್ಟೆ. ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸುವ ಖರ್ಚಿನಲ್ಲಿ ಅರ್ಧ ನಾನು ಕೊಡುವುದು ಅಂತಲೂ ಆಯಿತು. ಇದರಿಂದ ಒಂದು ಲುಕ್ಸಾನು ಇದೆ: ಯಾವ ಉತಾರದಲ್ಲೂ ಈಗ ನನ್ನ ಹೆಸರಿಲ್ಲ. ವಿಂಗೇಟನ ದಫ್ತರದ ಪ್ರಕಾರ ಎಷ್ಟೋ ತಲೆಮಾರಿನ ಮೇಲೆ ನಮ್ಮ ಮನೆಯಲ್ಲಿ ರೈತನಲ್ಲದ ಮೊದಲಿಗ ನಾನು. ರಿಜಿಸ್ಟ್ರಾರ ಕಚೇರಿಯಿಂದ ಹೊರಗೆ ಬಂದಾಗ ಹೊಟ್ಟೆಯಲ್ಲಿ ಏನೋ ಒಂದು ತಳಮಳ ಆಯಿತು. ಆಗಲಿಲ್ಲ ಅಂದರೆ ಸುಳ್ಳಾದೀತು.

ಬಿಟ್ಟುಕೊಡುವ ಮುಂಚೆ ಅವನಿಗೆ ಒಂದು ಕೆಲಸ ಹೇಳಿದ್ದೆ. ನಮ್ಮ ಹೊಲಗಳಿಗೆ ಹೆಸರಿದ್ದವು: ಹಿರೇಮಡ್ಡಿ, ಬನ್ನಿಗಿಡದ ಹೊಲ, ಹಳ್ಳದ ದಂಡಿ. ಉತಾರದಲ್ಲಿ ಇವು ಇಲ್ಲ, ಬರೀ ಸರ್ವೆ ನಂಬರು. ಅವನು ಒಂದು ನೋಟುಬುಕ್ಕಿನಲ್ಲಿ ನಂಬರಿನ ಮುಂದೆ ಹೆಸರು ಬರೆದಿಟ್ಟಿದ್ದಾನೆ. ಎರಡು ಹೆಸರು ಅವನಿಗೆ ಗೊತ್ತಿರಲಿಲ್ಲ, ನಾನು ಹೇಳಿ ಬರೆಸಿದೆ. ಒಂದು ನನಗೂ ಗೊತ್ತಿರಲಿಲ್ಲ. ಅದನ್ನು ಓಣಿಯ ಒಬ್ಬ ಮುದುಕಿಯನ್ನು ಕೇಳಿ ಬರೆದುಕೊಂಡನಂತೆ.